ಬಿಳಿ ಗಾಡಿಯ ಅಂಗಾಲು

ಹಳೆಯ ಪಂಚೆಯ ತುಂಡನ್ನು ತೋರುಬೆರಳಿಗೆ ಸುತ್ತಿಕೊಂಡು ಭಾರ್ಗವಿ ಗಾಡಿಯ ಮೈ ಒರೆಸುತ್ತಿದ್ದಳು. ಅಂಗೈ ಮೇಲಿಟ್ಟರೆ ಬಾಲ ಮಾತ್ರ ಆಚೆಗೆ ಚಾಚುವಷ್ಟು ಉದ್ದದ ಆಟದ ಗಾಡಿ. ಮೂತಿಯಿಂದ ಶುರುಮಾಡಿ, ಚಕ್ರಗಳ ಮೇಲಿನ ಉಬ್ಬುಗಳನ್ನು ಬಳಸಿ, ಬೆನ್ನಿನ ಮೇಲೆ ಮೀನಿನ ರೆಕ್ಕೆಯ ಹಾಗೆ ಎದ್ದಿದ್ದ ತೆಳು ಹಲಗೆಯ ಎರಡು ಮಗ್ಗುಲಿಗೂ ಬಟ್ಟೆ ತಾಗಿಸಿ, ಕೊನೆಗೆ ಹಿಂದಿನ ಅಗಲ ಪಟ್ಟಿಯ ಅಡಿಗೆ ಬಂದು ಕೈ ನಿಲ್ಲಿಸಿದಳು. ಇಂಥ ಗಾಡಿಗಳಿಗೆ ಬಣ್ಣ ಬಳಿಯುವ ಷೆಡ್ಡಿನ ಮೇಜುಗಳ ಹತ್ತಿರ ಇನ್ನೂ ಯಾರೂ ಬಂದಿರಲಿಲ್ಲ. ಹೊರಗೆ ಅಕ್ಕನ ಗಂಡ, ಷೆಡ್ಡು ನೋಡಿಕೊಳ್ಳುವ ಜಯಚಂದ್ರ, ಬೈಕಿನ ಮೇಲೆ ಒಂದು ಕಾಲು ಊರಿ ಫೋನಿನಲ್ಲಿ ಮಾತಾಡುತ್ತಿದ್ದ. ಅವನ ಬೆನ್ನು ಬಾಗಿಲಿನ ಕಡೆಗಿತ್ತು. ಅವಳು ಬಟ್ಟೆಯನ್ನು ಕೆಳಗಿಟ್ಟು, ಚೂಡಿದಾರದ ಜೇಬಿನಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದಳು. ಮುಚ್ಚಳ ತೆಗೆದ ಕೂಡಲೇ ಕಾಡಿಗೆಯ ಹರಳೆಣ್ಣೆ ವಾಸನೆ ಬಂತು. ಕಿರುಬೆರಳನ್ನು ಅದ್ದಿ, ಗಾಡಿಯನ್ನು ಬೋರಲು ಹಾಕಿ, ದೃಷ್ಟಿಬೊಟ್ಟು ಎಲ್ಲಿ ಇಡಬೇಕೆಂದು ಒಂದು ಗಳಿಗೆ ನೋಡಿದಳು. ಕೂಸಿಗಾದರೆ ಕೆನ್ನೆಗೆ ಇಡುತ್ತಾರೆ, ಕೆನ್ನೆಗೆ ಇಡಬಾರದ ಕಡೆ ಅಂಗಾಲಿಗೆ ಇಡುತ್ತಾರೆ. ಹಿಂದಿನ ಚಕ್ರದ ಪಕ್ಕದಲ್ಲಿ, ಕಪ್ಪು ತಳದ ಮೇಲೆ, ಕಪ್ಪು ಬೊಟ್ಟು ಇಟ್ಟಳು. ಕಪ್ಪಿನ ಮೇಲೆ ಕಪ್ಪು, ಕಾಣಲೇ ಇಲ್ಲ. ಬೆರಳು ಒರೆಸಿಕೊಂಡು ಗಾಡಿಯನ್ನು ಹತ್ತಿ ಹಾಸಿದ ಡಬ್ಬಿಯಲ್ಲಿ ಮಲಗಿಸಿದಳು. ಜಯಚಂದ್ರ ತಿರುಗಿ ನೋಡಿರಲಿಲ್ಲ.

ಬೊಟ್ಟು ಅವಳದಲ್ಲ, ಲಕ್ಷ್ಮಕ್ಕನದು. ನಿನ್ನೆ ಸಂಜೆ ಕೈ ತೊಳೆಯುವ ನಲ್ಲಿಯ ಹತ್ತಿರ ಲಕ್ಷ್ಮಕ್ಕ ಅವಳ ಮುಂಗೈ ಹಿಡಿದು ಡಬ್ಬಿಯನ್ನು ಅಂಗೈಗೆ ಒತ್ತಿದ್ದಳು. "ನಾಳೆ ನಂಗೆ ಕಣ್ಣಿನ ಆಪರೇಷನ್ನು ಕಣಮ್ಮಿ, ಬರಾಕಾಗಲ್ಲ. ಹೊಸಾ ಗಾಡಿ, ಬೆಳ್ಳಗೆ ಮೊಟ್ಟೆ ಹಂಗೈತೆ. ಬರೀ ಮೈಯಾಗೆ ಕಳಿಸ್ಬ್ಯಾಡ, ಒಂದು ಬೊಟ್ಟು ಇಟ್ಬುಡು." ಆಗಲ್ಲ ಎನ್ನಬೇಕು ಎಂದು ಭಾರ್ಗವಿಯ ಬಾಯಿಗೆ ಬಂದಿತ್ತು. ಬಾಯಿಗೆ ಬಂದದ್ದು ಯಾವಾಗಲೂ ಬಾಯಲ್ಲೇ ಇರುತ್ತಿತ್ತು. ಲಕ್ಷ್ಮಕ್ಕ ಈ ಷೆಡ್ಡು ಶುರುವಾದಾಗಿನಿಂದ ಇದ್ದವಳು. ಹೊಸ ಮಾದರಿ ಬಂದಾಗೆಲ್ಲ ಮೊದಲ ಗಾಡಿಗೆ ಅವಳೇ ಬೊಟ್ಟು ಇಡುವುದು, ಯಾರೂ ಕೇಳುತ್ತಿರಲಿಲ್ಲ. ಆದರೆ ಹೋದ ಸಲದ ಗಾಡಿಯಲ್ಲಿ ಬೊಟ್ಟು ಗಾಜಿನ ಒಳಗಿಂದ ಕಂಡುಬಿಟ್ಟು, ಕೊಳ್ಳುವವರು ಫೋಟೋ ಹೊಡೆದು ಕಳಿಸಿ, ಜಯಚಂದ್ರ ಎಲ್ಲರ ಎದುರಿಗೆ ಆಕೆಗೆ ಅಂದಿದ್ದ: "ಇದು ನಿಮ್ಮ ಮೊಮ್ಮಗನ ಕೆನ್ನೆ ಅಲ್ಲ ಲಕ್ಷ್ಮಕ್ಕ, ಫಾರಿನ್ನಿಗೆ ಹೋಗೋ ಮಾಲು. ಇನ್ನೊಂದ್ಸಲ ಬೊಟ್ಟು ಕಂಡ್ರೆ ಮಾರನೇ ದಿನ ಬರೋ ತೊಂದ್ರೆ ತಗಾಬ್ಯಾಡಿ." ಲಕ್ಷ್ಮಕ್ಕ ನಕ್ಕಿದ್ದಳು. ನಗುತ್ತಲೇ ಕುಂಚ ತೊಳೆಯಲು ಎದ್ದುಹೋಗಿ, ಬಹಳ ಹೊತ್ತು ತೊಳೆದಿದ್ದಳು. ಪೊರೆ ಬಂದ ಕಣ್ಣಿನಿಂದ ಅವಳ ಕೆಲಸ ಮೊದಲೇ ಹಿಂದೆ ಬಿದ್ದಿತ್ತು. ಅವಳನ್ನು ಕಳಿಸಲು ಒಂದು ಕಾರಣ ಬೇಕಾಗಿತ್ತು ಎಂಬುದು ಷೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

"ಆಯ್ತಾ?" ಜಯಚಂದ್ರ ಬಾಗಿಲಲ್ಲಿ ನಿಂತು ಕೇಳಿದ. ಅವಳು ತಲೆಯಾಡಿಸಿದಳು. "ಓಡಿಸಿ ತೋರ್ಸಾಕೆ ಕಲ್ಯಾಣದುರ್ಗಕ್ಕೆ ನಾನು ಬೈಕಲ್ಲಿ ಮುಂದೆ ಹೋಯ್ತೀನಿ. ಬೈಕಲ್ಲಿ ಇಟ್ರೆ ಕುಲುಕಾಡಿ ರೆಕ್ಕೆ ಮುರೀತದೆ. ನೀನು ಬಸ್ಸಲ್ಲಿ ಮಡಿಲಲ್ಲಿ ಇಟ್ಕಂಡು ಬಾ. ಯಾರತ್ರಾನೂ ಮಾತಾಡ್ಬ್ಯಾಡ." ಆಮೇಲೆ ತಾನೇ ನಕ್ಕ. "ನಿನಗೆ ಹೇಳ್ತೀನಲ್ಲ ಅದನ್ನ! ಅದಕ್ಕೇ ನಿನ್ನ ಕಳಿಸ್ತಿರೋದು."

ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಕಲ್ಯಾಣದುರ್ಗದ ಬಸ್ಸು ಸಿಕ್ಕಿತು, ಮಡಕಶಿರಾ, ಪಾವಗಡದ ಮೇಲೆ ಹೋಗುವುದು. ಕಿಟಕಿಯ ಪಕ್ಕ ಸೀಟು ಸಿಕ್ಕಿತೆಂದು ಖುಷಿಯಾಗಿ ಕೂತವಳಿಗೆ ಅದು ಬಿಸಿಲಿನ ಕಡೆಯ ಸೀಟೆಂದು ಊರು ದಾಟಿದ ಮೇಲೆ ಗೊತ್ತಾಯಿತು. ಸರಿಯಾದ ಪೆಟ್ಟಿಗೆ ಇನ್ನೂ ಬಾರದ್ದರಿಂದ ಗಾಡಿಯನ್ನು ಸಿಹಿ ಅಂಗಡಿಯ ರಟ್ಟಿನ ಡಬ್ಬಿಯಲ್ಲಿಟ್ಟಿದ್ದರು. ಡಬ್ಬಿಯ ಮೇಲೆ ಬಿಸಿಲು, ಡಬ್ಬಿಯ ಕೆಳಗೆ ಅವಳ ತೊಡೆ. ಷೆಡ್ಡಿನ ಗೋಡೆಗೆ ಅಂಟಿಸಿದ್ದ ಫೋಟೋದಲ್ಲಿ ಇದರ ನಿಜವಾದ ದೊಡ್ಡ ಗಾಡಿ ಮಳೆಯಲ್ಲಿ ಓಡುತ್ತಿತ್ತು, ಹಿಂದೆ ನೀರಿನ ಮೋಡ. ಯಾವುದೋ ದೇಶದಲ್ಲಿ ಇದು ಒಂದು ಹಗಲು ಒಂದು ರಾತ್ರಿ ನಿಲ್ಲದೆ ಓಡುತ್ತದಂತೆ, ಮೂವರು ಡ್ರೈವರುಗಳು ಸರದಿಯ ಮೇಲೆ ಕೂರುತ್ತಾರಂತೆ, ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗುತ್ತಾನಂತೆ. ಬಣ್ಣ ಬಳಿಯಲು ಅವಳ ಪಾಲಿಗೆ ಬಂದದ್ದು ಗಾಡಿಯೊಳಗೆ ಕೂರಿಸುವ ಗೊಂಬೆ ಡ್ರೈವರನ ಹೆಲ್ಮೆಟ್ಟು. ನೀಲಿ, ಮೇಲೊಂದು ಹಳದಿ ಗೆರೆ, ಕಣ್ಣಿನ ಜಾಗದಲ್ಲಿ ಹೊಳೆಯುವ ಕಪ್ಪು. ಅವನಿಗೆ ಸೊಂಟದಿಂದ ಕೆಳಗೆ ಏನೂ ಇಲ್ಲ, ಅಲ್ಲಿ ಮೋಟರು ಇರಬೇಕು. ಎದೆ, ಎರಡು ಕೈ, ತಲೆ ಅಷ್ಟೆ. ಕುಂಚದ ತುದಿ ಅವನ ಮುಖಕ್ಕೆ ತಾಗಿದಾಗ ಉಸಿರು ಬಿಗಿಹಿಡಿಯುವುದು ಅವಳಿಗೆ ಲಕ್ಷ್ಮಕ್ಕ ಕಲಿಸಿದ್ದು. "ಉಸಿರು ಬಿಡಬ್ಯಾಡ್ವೇ, ಅವನ್ಗೆ ನೆಗಡಿ ಆದಾತು" ಎಂದು ಮೊದಲ ದಿನ ನಗಿಸಿದ್ದಳು. ಷೆಡ್ಡಿಗೆ ಬಂದ ಮೊದಲ ದಿನ ಯಾರ ಪಕ್ಕ ಕೂರಬೇಕೆಂದು ತಿಳಿಯದೆ ಗೋಡೆಗೆ ಆತು ನಿಂತವಳನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡವಳೂ ಅವಳೇ.

ಪಾವಗಡದಲ್ಲಿ ಬಸ್ಸು ಅರ್ಧ ಖಾಲಿಯಾಗಿ ಮತ್ತೆ ತುಂಬಿತು. ಒಬ್ಬ ಅಜ್ಜಿ ಬೇವಿನ ಸೊಪ್ಪಿನ ಕಟ್ಟನ್ನು ಕಾಲಬಳಿ ತಳ್ಳಿ ಪಕ್ಕದಲ್ಲಿ ಕೂತಳು. ಕೂತವಳೇ ಡಬ್ಬಿಯ ಮೇಲಿನ ಲಡ್ಡುವಿನ ಚಿತ್ರ ನೋಡಿದಳು.

"ಯಾವೂರಮ್ಮ?"

"ಕಲ್ಯಾಣದುರ್ಗ."

"ಎವರಿ ಪಿಲ್ಲವಮ್ಮಾ?" ಅಜ್ಜಿ ತೆಲುಗಿಗೆ ಹೊರಳಿದಳು.

"ಮುತ್ಯಾಲಪ್ಪನ ಮಗಳು. ಹಿಂದೂಪುರದಾಗೆ ಕೆಲಸ."

"ನಾನು ನರಸಕ್ಕ, ಕಂಬದೂರು. ಡಬ್ಬೀಲಿ ಮೈಸೂರುಪಾಕಾ, ಲಡ್ಡೂನಾ? ಗಂಡಿನ ಕಡೆಯೋರು ಕೊಟ್ರಾ?"

"ಸಿಹಿ ಅಲ್ಲಜ್ಜಿ. ಗಾಡಿ."

"ಗಾಡಿ ಡಬ್ಬೀಲಿ ಬತ್ತದಾ?" ನರಸಕ್ಕ ಎಷ್ಟು ಜೋರಾಗಿ ಕೇಳಿದಳೆಂದರೆ ಮುಂದಿನ ಸೀಟಿನವರು ತಿರುಗಿದರು. "ತೋರ್ಸು ನೋಡಾನ. ಇಲ್ದಿದ್ರೆ ಸಿಹಿ ಅಂತ್ಲೇ ತಿಳ್ಕಂತೀನಿ, ಕೊಡ್ದೇ ಹೋದ್ಲು ಮುತ್ಯಾಲಪ್ಪನ ಮಗಳು ಅಂತೀನಿ."

ಎಲ್ಲರೂ ನೋಡುತ್ತಿದ್ದಾರೆಂಬುದೇ ಅವಳಿಗೆ ಸಾಕಾಗಿತ್ತು. ನೋಟ ತಪ್ಪಿಸಿಕೊಳ್ಳಲು ಕೇಳಿದ್ದನ್ನು ಬೇಗ ಮಾಡಿಬಿಡುವುದು ಅವಳ ಅಭ್ಯಾಸ. ಮುಚ್ಚಳ ತೆಗೆದಳು.

"ಅಯ್ಯ, ಸೋರೆಕಾಯಿ ಹಂಗೈತಲ್ಲೇ! ಕೂತ್ಕಳಾದೆಲ್ಲಿ?"

"ಒಬ್ಬನೇ ಕೂತ್ಕಳಾದು. ಇಲ್ಲಿ, ಒಳಗೆ."

"ಇಷ್ಟುದ್ದ ಗಾಡೀಲಿ ಒಬ್ಬನಾ? ಹೆಂಡ್ರು?"

ಮುಂದಿನ ಸೀಟಿನವನು ನಕ್ಕ. ಭಾರ್ಗವಿಗೂ ನಗು ಬಂತು. "ಹಗ್ಲು ರಾತ್ರಿ ಓಡ್ತದಂತಜ್ಜಿ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಅಲ್ಲೇ ಸುತ್ತಾದು."

"ನಮ್ಮಪ್ಪನ ಗಾಣದೆತ್ತು ಅನ್ನು," ಎಂದು ನರಸಕ್ಕ ಕೈ ಚಾಚಿ, ಇವಳು ಬೇಡವೆನ್ನುವ ಮೊದಲೇ ಗಾಡಿಯನ್ನು ಎತ್ತಿ ಮಗುಚಿ, ಹಿಂದುಮುಂದು ನೋಡಿ ವಾಪಸು ಕೊಟ್ಟಳು. ಕೊಟ್ಟ ಮೇಲೆ ತನ್ನ ಹೆಬ್ಬೆರಳನ್ನು ನೋಡಿಕೊಂಡು ಸೆರಗಿಗೆ ಒರೆಸಿಕೊಂಡಳು. "ನಿನ್ನ ಗಾಡಿ ಬೆವರ್ತದೆ ಕಣಮ್ಮ."

ಹತ್ತಿಯ ಮೇಲೆ, ಗಾಡಿಯ ಹಿಂಭಾಗ ಮಲಗಿದ್ದ ಕಡೆ, ಒಂದು ಕರಿ ಕಲೆ ಇತ್ತು. ಭಾರ್ಗವಿ ಗಾಡಿಯನ್ನು ಬೋರಲು ಹಾಕಿದಳು. ಬೆಳಿಗ್ಗೆ ಸಾಸಿವೆಯಷ್ಟಿದ್ದ ಬೊಟ್ಟು ಬಿಸಿಲಿಗೆ ಕರಗಿ ಹರಿದು, ತಳದ ಸಂದಿಯಲ್ಲಿ ಮಿರುಗುತ್ತಿತ್ತು, ರಬ್ಬರಿನ ಚಕ್ರದ ಒಳಮೈಗೂ ಹತ್ತಿತ್ತು. ಲಕ್ಷ್ಮಕ್ಕ ಇಡುತ್ತಿದ್ದದ್ದು ಮಾಡಿನ ಒಳಗೆ, ಡ್ರೈವರನ ತಲೆಯ ಮೇಲೆ, ಅಲ್ಲಿ ಏನೂ ಅಲುಗುವುದಿಲ್ಲ. ಭಾರ್ಗವಿ ಅಂಗಾಲು ಎಂದು ಯೋಚಿಸಿದ್ದಳು. ಕೂಸಿನ ಅಂಗಾಲು ನೆಲಕ್ಕೆ ತಾಗುವುದಿಲ್ಲ, ಇದರದು ತಾಗುತ್ತದೆ. ದುಪಟ್ಟಾದ ಅಂಚನ್ನು ನಾಲಿಗೆಗೆ ತಾಗಿಸಿ ಒರೆಸಿದಳು. ಕಪ್ಪು ಬಂತು. ಇನ್ನೂ ಒರೆಸಿದಳು. ಚಕ್ರವನ್ನು ತಿರುಗಿಸಿ ತಿರುಗಿಸಿ ಒರೆಸಿದಳು. ಕಾಣುವ ಕಪ್ಪೆಲ್ಲ ಹೋಗಿ ಗಾಡಿ ಮೊದಲಿಗಿಂತ ಹೊಸದಾಗಿ ಹೊಳೆಯಿತು. ನರಸಕ್ಕ ಕಂಬದೂರಿನಲ್ಲಿ ಇಳಿಯುವಾಗ "ಹೋಯ್ತೀನಮ್ಮ, ಮುಂದಿನ್ಸಲ ಲಡ್ಡು ತಾ" ಅಂದದ್ದಕ್ಕೆ ಅವಳು ತಲೆ ಕೂಡ ಎತ್ತಲಿಲ್ಲ. ದುಪಟ್ಟಾದ ಕರಿ ಅಂಚನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕೂತಿದ್ದಳು. ಕಾಣುವುದಿಲ್ಲ, ಇನ್ನು ಕಾಣುವುದಿಲ್ಲ. ಕಂಡರೆ ಯಾರೂ ನನ್ನ ಹೆಸರು ಹೇಳುವುದಿಲ್ಲ. ಈ ಎರಡನೆಯ ಯೋಚನೆ ಅವಳಾಗಿಯೇ ಕರೆದದ್ದಲ್ಲ, ಅದೇ ಬಂತು. ಬಂದ ಮೇಲೆ ಹೋಗಲಿಲ್ಲ.

ಕಲ್ಯಾಣದುರ್ಗ ಹತ್ತಿರವಾದಂತೆ ಬೆಟ್ಟ ಕಂಡಿತು, ಆಮೇಲೆ ಅವಳು ಓದಿದ ಶಾಲೆಯ ಕಾಂಪೌಂಡು. ಒಂಬತ್ತನೇ ಕ್ಲಾಸಿನಲ್ಲಿ ಸಾರು ಬೆಳಿಗ್ಗೆ ಹಾಜರಿ ಕರೆಯುತ್ತಿದ್ದರು. ಹೆಸರು ಕರೆದ ಕೂಡಲೇ ಎದ್ದು ನಿಂತು ಪ್ರೆಸೆಂಟ್ ಸಾರ್ ಎನ್ನಬೇಕು. ಅವಳು ಎದ್ದು ನಿಲ್ಲುತ್ತಿದ್ದಳು. ಬಾಯಿ ತೆರೆಯುತ್ತಿತ್ತು. ಸಾರು ತಲೆ ಎತ್ತುತ್ತಿರಲಿಲ್ಲ, ಸದ್ದು ಬಾರದಿದ್ದರೆ ಮುಂದಿನ ಹೆಸರಿಗೆ ಹೋಗಿಬಿಡುತ್ತಿದ್ದರು. ನಿಂತವಳು ಹಾಗೇ ಕೂರುತ್ತಿದ್ದಳು. ಒಂದು ದಿನ ಅಪ್ಪನನ್ನು ಕರೆಸಿ, ನಿಮ್ಮ ಮಗಳು ಶಾಲೆಗೇ ಬರಲ್ಲ ಅಂದರು. ದಿನಾ ಬತ್ತಾಳೆ ಸಾರ್, ನಾನೇ ಸೈಕಲ್ಲಲ್ಲಿ ತಂದು ಬಿಡ್ತೀನಿ, ಎಂದು ಅಪ್ಪ ಅಂದ. ಹಂಗಾರೆ ನಾನು ಸುಳ್ಳಾ, ಎಂದು ಸಾರು ಕೇಳಿದಾಗ ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಇಲ್ಲ ಸಾರ್, ನಂದೇ ಸುಳ್ಳು ಅಂದ. ಅವಳು ಬಾಗಿಲ ಹತ್ತಿರವೇ ಇದ್ದಳು. ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮಾರನೇ ದಿನ ಅವಳು ಏಳಲಿಲ್ಲ, ಯಾರೂ ಎಬ್ಬಿಸಲಿಲ್ಲ. ಶಾಲೆ ಮುಗಿದದ್ದು ಅಷ್ಟರಲ್ಲೇ. ಬಸ್ಸು ಕಾಂಪೌಂಡನ್ನು ದಾಟಿ ನಿಂತಾಗ ಕಂಡಕ್ಟರು ಎರಡು ಸಲ ಕೂಗಬೇಕಾಯಿತು.

ಗಾಡಿ ಓಡಿಸುವ ಜಾಗ ಷೆಡ್ಡಿನ ಯಜಮಾನ ಚೆನ್ನಕೇಶವನ ಹಳೆಯ ಕಡಲೆಕಾಯಿ ಮಿಲ್ಲು. ಯಂತ್ರಗಳೆಲ್ಲ ಮಾರಿಹೋಗಿ ಎಷ್ಟೋ ಕಾಲವಾಗಿದ್ದರೂ ಒಳಗೆ ಸಿಪ್ಪೆಯ ಧೂಳಿನ ವಾಸನೆ ಹೋಗಿರಲಿಲ್ಲ. ಮಧ್ಯದಲ್ಲಿ ಉದ್ದ ಮೇಜುಗಳನ್ನು ಜೋಡಿಸಿ ಮರದ ಟ್ರ್ಯಾಕು ಮಾಡಿಸಿದ್ದ. ಕರಿಬಣ್ಣ ಬಳಿದ ಹಾದಿ, ಅದರಲ್ಲಿ ಕೊರೆದ ಗೀರುಗಳು, ಪ್ರತಿ ಗೀರಿನ ಎರಡು ಪಕ್ಕಕ್ಕೂ ತಾಮ್ರದ ಪಟ್ಟಿ. ಗಾಡಿಯ ಮೂತಿಯ ಕೆಳಗಿನ ನಾಲಿಗೆ ಗೀರಿಗೆ ಇಳಿಯುತ್ತದೆ, ತಾಮ್ರದಿಂದ ಕರೆಂಟು ಹತ್ತುತ್ತದೆ, ಕೈಯಲ್ಲಿರುವ ಗುಂಡಿ ಒತ್ತಿದಷ್ಟು ಓಡುತ್ತದೆ. ಇದನ್ನೆಲ್ಲ ಅವಳು ಕೇಳಿದ್ದಳು, ನೋಡಿದ್ದು ಇವತ್ತೇ. ಷೆಡ್ಡಿನ ಹೆಂಗಸರು ಮುಟ್ಟಿದ ಗಾಡಿಗಳು ಪೆಟ್ಟಿಗೆಗೆ ಹೋಗುತ್ತಿದ್ದವು, ಪೆಟ್ಟಿಗೆಗಳು ಲಾರಿಗೆ.

ಬೆಂಗಳೂರಿನಿಂದ ಬಂದ ಉಮಾದೇವಿ ಕೊಳ್ಳುವವರ ಪರವಾಗಿ ಗಾಡಿ ನೋಡಿ ಹೂಂ ಅಥವಾ ಊಹೂಂ ಅನ್ನುವವಳು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ಚಪ್ಪಲಿ ಬಿಟ್ಟು, ಮೂಟೆಯ ಮೇಲೆ ಕಾಲು ಮಡಿಸಿ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಚೆನ್ನಕೇಶವ ಟ್ರ್ಯಾಕನ್ನು ತಾನೇ ಒದ್ದೆ ಬಟ್ಟೆಯಲ್ಲಿ ಒರೆಸಿ ನಿಂತಿದ್ದ.

"ಬಂದ್ಳು ನೋಡಪ್ಪ, ಮದುಮಗಳನ್ನ ಕರ್ಕಂಡು," ಎಂದ. "ಜೋಪಾನವಾಗಿ ತಂದ್ಯೇನಮ್ಮ?"

ಅವಳು ತಲೆಯಾಡಿಸಿದಳು. ಉಮಾದೇವಿ ಕೈ ಒರೆಸಿಕೊಂಡು ಗಾಡಿಯನ್ನು ಎತ್ತಿಕೊಂಡಳು. ಕನ್ನಡಕ ಇಳಿಸಿ, ಅಂಟಿಸಿದ ಅಂಕಿಗಳ ಅಂಚನ್ನು ಉಗುರಿನಿಂದ ಮುಟ್ಟಿ, ಗಾಜಿನೊಳಗೆ ಬಗ್ಗಿ ನೋಡಿದಳು. "ಹೆಲ್ಮೆಟ್ ಚೆನ್ನಾಗಿ ಬಂದಿದೆ ರೀ," ಎಂದಳು. ಜಯಚಂದ್ರ, ಅದನ್ನು ತಾನೇ ಬಳಿದವನ ಹಾಗೆ, ಥ್ಯಾಂಕ್ಸ್ ಮೇಡಂ ಅಂದ. ಭಾರ್ಗವಿಗೆ ಅದು ಕೇಳಿಸಿದರೂ ಮನಸ್ಸಿಗೆ ತಾಗಲಿಲ್ಲ. ಅವಳ ಕಣ್ಣು ಹಿಂದಿನ ಚಕ್ರದ ಮೇಲಿತ್ತು.

ಗಾಡಿಯನ್ನು ಗೀರಿಗೆ ಇಳಿಸಿದರು. ಜಯಚಂದ್ರ ಗುಂಡಿ ಒತ್ತಿದ. ಮುಂದಿನ ದೀಪಗಳು ಹತ್ತಿದವು, ಗಾಡಿ ಸುಂಯ್ ಎಂದು ಹೊರಟಿತು. ನೇರ ಹಾದಿಯಲ್ಲಿ ಅದು ಎಷ್ಟು ಚೆಂದ ಹೋಯಿತೆಂದರೆ ಅವಳು ಭಯವನ್ನು ಮರೆತಳು. ಮೊದಲನೇ ತಿರುವಿನಲ್ಲಿ ಹಿಂಭಾಗ ಜಾರಿತು, ಹೇಗೋ ತಡೆದುಕೊಂಡಿತು. ಎರಡನೆಯದರಲ್ಲಿ ತಡೆಯಲಿಲ್ಲ. ನಾಲಿಗೆ ಗೀರಿನಿಂದ ಕಿತ್ತು, ಬಿಳಿ ಗಾಡಿ ಮೇಜಿನ ಅಂಚು ದಾಟಿ ಹಾರಿ, ಕೆಳಗೆ ಪೇರಿಸಿದ್ದ ಖಾಲಿ ಗೋಣಿಚೀಲಗಳ ಮೇಲೆ ಬಿತ್ತು.

ಜಯಚಂದ್ರ ಗುಂಡಿಯಿಂದ ಬೆರಳು ತೆಗೆದ. ಮೇಲೆ ಫ್ಯಾನು ತಿರುಗುತ್ತಿತ್ತು.

"ಜೋರಾಗಿ ಒತ್ತಿದ್ಯಾ?" ಚೆನ್ನಕೇಶವ ಕೇಳಿದ.

"ಇಲ್ಲ ಸಾರ್, ಮೆತ್ತಗೇ. ಕೈ ಇಟ್ಟಿದ್ದಷ್ಟೆ."

ಉಮಾದೇವಿ ಬಗ್ಗಿ ಗಾಡಿಯನ್ನು ಎತ್ತಿದಳು. ರೆಕ್ಕೆ ಮುರಿದಿರಲಿಲ್ಲ. ಬೋರಲು ಹಾಕಿ ಚಕ್ರದ ಮೇಲೆ ಹೆಬ್ಬೆರಳು ಆಡಿಸಿದಳು. ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಜಿಡ್ಡು. ಸ್ಕ್ರೂ ಸಂದೀಲಿ ಏನೋ ಕಪ್ಪು ಇದೆ, ನೋಡಿ." ಜಯಚಂದ್ರ ಗಾಡಿಯನ್ನು ಈಸಿಕೊಂಡು ಮೂಗಿನ ಹತ್ತಿರ ಹಿಡಿದ. ಅವನ ಮುಖ ಬದಲಾಗುವುದನ್ನು ಭಾರ್ಗವಿ ಗೋಡೆಯ ಪಕ್ಕದಿಂದ ನೋಡಿದಳು.

"ಹರಳೆಣ್ಣೆ. ಕಾಡಿಗೆ ಇದು." ಅವನು ಗಾಡಿಯನ್ನು ಮೇಜಿನ ಮೇಲಿಟ್ಟ. "ಲಕ್ಷ್ಮಕ್ಕ. ಆಸ್ಪತ್ರೆಗೆ ಹೋಗ್ತಾನೂ ಇಟ್ಬುಟ್ಟೇ ಹೋಗವಳೆ. ಅಷ್ಟು ಹೇಳಿದ್ದೆ ಸಾರ್ ನಾನು, ಎಲ್ಲರ ಮುಂದೆ ಹೇಳಿದ್ದೆ." ಜೇಬಿನಿಂದ ಫೋನು ತೆಗೆದ. "ಇವತ್ತೇ ಹೇಳ್ಬುಡ್ತೀನಿ, ಇನ್ನು ಬರಬ್ಯಾಡ ಅಂತ. ನೀವೂ ಕೇಳಿ ಮೇಡಂ, ಆಮೇಲೆ ನಾವು ಏನೂ ಮಾಡಲಿಲ್ಲ ಅನ್ನಬಾರದು." ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ.

ಫೋನು ಆ ಕಡೆ ಹೊಡೆದುಕೊಳ್ಳುತ್ತಿತ್ತು. ಭಾರ್ಗವಿಗೆ ಕಂಡಿತು: ಹಸಿರು ಬಟ್ಟೆಯ ಮಂಚ, ಒಂದು ಕಣ್ಣಿಗೆ ದಪ್ಪ ಹತ್ತಿಯ ಪಟ್ಟಿ, ಇನ್ನೊಂದು ಕಣ್ಣಿಗೆ ಮೊದಲಿಂದಲೂ ಮಂಜು. ತಲೆದಿಂಬಿನ ಕೆಳಗೆ ಲಕ್ಷ್ಮಕ್ಕನ ಕೈ ತಡಕಾಡುತ್ತದೆ, ಫೋನು ಸಿಗುವುದಿಲ್ಲ, ಸೆರಗಿನ ಗಂಟಿನಲ್ಲಿರಬಹುದು, ಅಲ್ಲಿಯೂ ಇಲ್ಲ. ಯಾರದಿರಬಹುದು ಎಂದು ಅವಳು ಖುಷಿಯಾಗಿಯೇ ಹುಡುಕುತ್ತಿರುತ್ತಾಳೆ. ಯಾರೋ ವಿಚಾರಿಸಲು ಮಾಡಿದ್ದಾರೆ ಅಂದುಕೊಂಡಿರುತ್ತಾಳೆ. ಈಗ ತಾನು ಸುಮ್ಮನಿದ್ದರೆ ಸಾಕು. ಏನೂ ಮಾಡಬೇಕಾಗಿಲ್ಲ, ಇಲ್ಲಿಯವರೆಗೆ ಹೇಗಿದ್ದಳೋ ಹಾಗೇ ಗೋಡೆಯ ಪಕ್ಕ ಇದ್ದರೆ ಸಾಕು, ತಾನಾಗಿಯೇ ಎಲ್ಲ ಆಗಿಹೋಗುತ್ತದೆ. ಎಷ್ಟು ಸುಲಭ ಅದು ಎಂದು ಅವಳಿಗೆ ಮೊದಲ ಸಲ ಹೇಸಿಗೆಯಾಯಿತು. ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಜಯಚಂದ್ರ ಫೋನಿನ ಮೇಲೆ ಬಗ್ಗಿದ್ದ. ಫೋನು ಇನ್ನೂ ಹೊಡೆದುಕೊಳ್ಳುತ್ತಿತ್ತು. ಅವಳು ದುಪಟ್ಟಾದ ಕರಿ ಅಂಚನ್ನು ಮುಷ್ಟಿಯಿಂದ ಬಿಟ್ಟಳು, ಅದು ಜೋತುಬಿತ್ತು.

"ನಾನು," ಎಂದಳು.

ಗಂಡಸರಿಬ್ಬರೂ ತಿರುಗಿದರು.

"ನಾನೇ ಇಟ್ಟಿದ್ದು. ಬೆಳಿಗ್ಗೆ. ಆಮೇಲೆ ಬಸ್ಸಲ್ಲಿ ಒರೆಸ್ದೆ, ಅದಕ್ಕೇ ಚಕ್ರಕ್ಕೆಲ್ಲ ಹತ್ಕಂಡ್ತು."

"ನೀನಾ?" ಎಂದ ಜಯಚಂದ್ರ. ಕೋಪಕ್ಕಿಂತ ಹೆಚ್ಚಾಗಿ, ಮೇಜು ಮಾತಾಡಿದರೆ ಹೇಗೆ ನೋಡುತ್ತಾನೋ ಹಾಗೆ ನೋಡಿದ. ಅಷ್ಟರಲ್ಲಿ ಫೋನಿನಿಂದ ದನಿ ಬಂತು. "ಅಲೋ? ಯಾರಪ್ಪ? ಕಾಣಾಕಿಲ್ಲ ನಂಗೆ, ಹೇಳಿ ಯಾರು ಅಂತ."

ಜಯಚಂದ್ರ ಫೋನು ನೋಡಿದ, ಭಾರ್ಗವಿಯನ್ನು ನೋಡಿದ, ಮತ್ತೆ ಫೋನು ನೋಡಿದ. ಗಂಟಲು ಸರಿಮಾಡಿಕೊಂಡ.

"ನಾನು ಲಕ್ಷ್ಮಕ್ಕ, ಜಯಚಂದ್ರ. ಏನಿಲ್ಲ... ಆಪರೇಷನ್ ಆಯ್ತಾ ಅಂತ ಕೇಳಾನ ಅಂತ."

"ಅಯ್ಯೋ ನಮ್ಮಪ್ಪ, ನೀನು ಮಾಡಿದ್ಯಾ? ಆಯ್ತು ಕಣಪ್ಪ, ಏನೂ ನೋವಾಗಲಿಲ್ಲ. ನಾಡಿದ್ದು ಪಟ್ಟಿ ಬಿಚ್ತಾರಂತೆ. ಗಾಡಿ ಓಡ್ತಾ?"

"ಓಡ್ತದೆ, ಓಡ್ತದೆ. ನೀವು ಮಲಿಕ್ಕಳಿ." ಅವನು ಫೋನು ಆರಿಸಿ ಜೇಬಿಗೆ ಹಾಕಿಕೊಂಡ. ಕಿವಿ ಕೆಂಪಾಗಿತ್ತು. "ಮನೆಗೆ ಬಾ, ನಿಮ್ಮಕ್ಕನ ಹತ್ರ ಹೇಳ್ತೀನಿ," ಎಂದು ಭಾರ್ಗವಿಗೆ ಅಂದ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಇಷ್ಟು ಹೊತ್ತೂ ಉಮಾದೇವಿ ಇವರ ಮಾತಿಗೆ ಅರ್ಧ ಕಿವಿ ಮಾತ್ರ ಕೊಟ್ಟಿದ್ದಳು. ಅವಳು ಚೆನ್ನಕೇಶವನ ಮೇಜಿನಿಂದ ಅಂಟುಟೇಪು ಹುಡುಕಿ ತೆಗೆದು, ಒಂದು ಗೇಣು ಹರಿದು ಅಂಟಿನ ಮೈ ಮೇಲಾಗಿ ಹಾಸಿ, ಚಕ್ರವನ್ನು ಅದರ ಮೇಲೆ ಒತ್ತಿ ಉರುಳಿಸುತ್ತಿದ್ದಳು. ಚಪಾತಿ ಲಟ್ಟಿಸುವವಳ ಹಾಗೆ ಸಲೀಸಾಗಿ. "ಎಣ್ಣೆ ಅಷ್ಟೇ ರೀ, ಇದಕ್ಕೆಲ್ಲ ಯಾಕೆ ಫೋನು? ಟೇಪಿಗೆ ಎಲ್ಲ ಬರತ್ತೆ." ಇನ್ನೊಂದು ತುಂಡು ಹರಿದಳು. "ನಮ್ಮಮ್ಮ ನನ್ನ ಕಾರಿಗೆ ನಿಂಬೆಹಣ್ಣು ಕಟ್ಟಿ ಕಟ್ಟಿ ಮುಂದಿನ ಬಣ್ಣಾನೇ ಕಿತ್ತುಹಾಕಿದ್ದಾರೆ. ಒಂದು ಮಾತು, ಫಾರಿನ್‌ಗೆ ಹೋಗೋದ್ರಲ್ಲಿ ಮಾತ್ರ ಬೇಡ. ಇದು ಸ್ಯಾಂಪಲ್ಲು, ಇಲ್ಲೇ ಇರತ್ತೆ. ತೊಗೊಳ್ಳಿ, ಓಡಿಸಿ."

ಗಾಡಿ ಮತ್ತೆ ಗೀರಿಗೆ ಇಳಿಯಿತು. ಮೊದಲನೇ ತಿರುವು. ಎರಡನೆಯದು. ಭಾರ್ಗವಿ ಕಣ್ಣು ಮುಚ್ಚಿ, ಬೀಳುವ ಸದ್ದಿಗೆ ಕಾದಳು. ಸದ್ದು ಬರಲಿಲ್ಲ, ಸುಂಯ್ ಎನ್ನುವುದು ದೂರ ಹೋಗಿ ಮತ್ತೆ ಹತ್ತಿರ ಬಂತು. ಕಣ್ಣು ತೆರೆದಾಗ ಗಾಡಿ ಅವಳ ಎದುರಿಗೇ ಹಾದುಹೋಯಿತು, ನೀಲಿ ಹೆಲ್ಮೆಟ್ಟು ಒಂದು ಚುಕ್ಕೆಯಾಗಿ ಮಿಂಚಿ ಮಾಯವಾಯಿತು. ಚೆನ್ನಕೇಶವ ಬಾಗಿಲು ಮುಚ್ಚಿಸಿ ದೀಪ ಆರಿಸಿದ, ಗಾಡಿಯ ದೀಪ ಹೇಗೆ ಕಾಣುತ್ತದೆಂದು ನೋಡಲು. ನಡುಹಗಲಿನಲ್ಲಿ ಮಾಡಿದ ಆ ಕತ್ತಲೆಯಲ್ಲಿ ಎರಡು ಬೆಳಕು ಗೋಡೆಯ ಮೇಲೆ, ಗೋಣಿಚೀಲಗಳ ಮೇಲೆ, ಉಮಾದೇವಿಯ ಕನ್ನಡಕದ ಮೇಲೆ ಓಡಾಡಿದವು. "ಸರಿ ಇದೆ," ಎಂದಳು ಉಮಾದೇವಿ. "ನಾನು ಹೂಂ ಅಂತ ಬರೀತೀನಿ. ಶುರು ಮಾಡ್ಕೊಳ್ಳಿ." ಅಷ್ಟೆ. ಬಾಗಿಲು ತೆಗೆದರು, ಬಿಸಿಲು ಒಳಕ್ಕೆ ಬಿತ್ತು. ಅಷ್ಟೇ ಎಂಬುದು ಭಾರ್ಗವಿಗೆ ನಂಬಿಕೆಯಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹಸಿವಾಗುತ್ತಿದೆಯೆಂದು ತಿಳಿಯಿತು. ಮೂಟೆಯ ಮೇಲೆ ಉಳಿದಿದ್ದ ಮಂಡಕ್ಕಿಯನ್ನು ಯಾರನ್ನೂ ಕೇಳದೆ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡಳು. ಲಕ್ಷ್ಮಕ್ಕನ ಕಣ್ಣಿನ ಪಟ್ಟಿ ನಾಡಿದ್ದು ಬಿಚ್ಚುತ್ತಾರೆ. ಮುಂದಿನ ವಾರ ಬಂದು ಪಕ್ಕದಲ್ಲಿ ಕೂರುತ್ತಾಳೆ, ಏನಾಯಿತೆಂದು ಕೇಳುತ್ತಾಳೆ, ಹೇಳಿದರೆ ಹೊಟ್ಟೆ ಹಿಡಿದು ನಗುತ್ತಾಳೆ. ಅಂಗಾಲಿಗಾ ಇಟ್ಟೆ, ಹುಚ್ಚಿ, ಎನ್ನುತ್ತಾಳೆ. ಅಕ್ಕ ಬೈಯುತ್ತಾಳೆ, ಬೈಯಲಿ. ನಾನು ಎಂದು ಅಂದದ್ದಕ್ಕೆ ಗೋಡೆ ಬೀಳಲಿಲ್ಲ. ಅಂದ ದನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ತನ್ನದಕ್ಕಿಂತ ದಪ್ಪವಾಗಿತ್ತು ಅನ್ನಿಸಿತು.

ಉಮಾದೇವಿ ಬಾಗಿಲ ಹತ್ತಿರ ನಿಂತು ಫೋನಿನಲ್ಲಿ ಯಾರಿಗೋ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಚೆನ್ನಕೇಶವ ಬೀರುವಿನಿಂದ ಹಳೆಯ ಕೆಂಪು ಗಾಡಿಯೊಂದನ್ನು ತೆಗೆದು ಪಕ್ಕದ ಗೀರಿಗೆ ಇಳಿಸಿದ. "ಬಾರಪ್ಪ ಜಯಚಂದ್ರ, ನೋಡೇಬುಡಾನ."

"ಸೋತ್ರೆ ಬ್ಯಾಸರ ಮಾಡ್ಕಬಾರ್ದು ಸಾರ್."

"ನಿನ್ನಂಥೋರ್ನ ಎಷ್ಟು ಜನನ್ನ ನೋಡಿಲ್ಲ ಕಣ್ಲಾ!"

ಬಿಳಿ ಗಾಡಿ, ಕೆಂಪು ಗಾಡಿ ಒಟ್ಟಿಗೆ ಹೊರಟವು. ಜಯಚಂದ್ರ ತಿರುವು ಬಂದಾಗ ತಾನೇ ಗಾಡಿಯಾದವನ ಹಾಗೆ ಒಂದು ಭುಜ ಇಳಿಸಿ ವಾಲುತ್ತಿದ್ದ. ಅಕ್ಕನ ಮದುವೆಯಾದಾಗಿನಿಂದ ನೋಡುತ್ತಿದ್ದಾಳೆ, ಅವನ ಮುಖ ಇಷ್ಟು ಚಿಕ್ಕ ಹುಡುಗನದಾಗಿದ್ದನ್ನು ಕಂಡಿರಲಿಲ್ಲ. ಬಿಳಿ ಗಾಡಿ ಮುಂದಾಯಿತು. ಭಾರ್ಗವಿ ಗೋಡೆಯನ್ನು ಬಿಟ್ಟು ಮೇಜಿನ ಹತ್ತಿರ ಬಂದಳು. ಅಂಚಿಗೆ ಕೈಯಿಟ್ಟರೆ ಹಲಗೆ ಸಣ್ಣಗೆ ನಡುಗುವುದು ತಿಳಿಯುತ್ತಿತ್ತು, ಗಾಡಿ ದೂರವಿದ್ದಾಗ ಕಡಿಮೆ, ಹತ್ತಿರ ಬಂದಾಗ ಹೆಚ್ಚು. ಗುಂಡಿ ಒತ್ತಿದ ಬೆರಳಿಗೆ ಇದು ಇನ್ನೂ ಬೇರೆ ಥರ ತಿಳಿಯುತ್ತಿರಬೇಕು. ಎಷ್ಟು ಒತ್ತಿದರೆ ಎಷ್ಟು ಹೋಗುತ್ತದೆ, ತಿರುವಿಗೆ ಎಷ್ಟು ಮೊದಲು ಬಿಡಬೇಕು.

"ನಂಗೂ ಒಂದ್ಸಲ ಕೊಡಿ," ಎಂದಳು.

ಎರಡೂ ಗಾಡಿಗಳು ಅದೇ ಹೊತ್ತಿಗೆ ಎದುರಿಗೆ ಹಾದುಹೋದವು, ಮಾತು ಆ ಸದ್ದಿನಲ್ಲಿ ಸೇರಿಹೋಯಿತು. ಯಾರೂ ತಿರುಗಲಿಲ್ಲ. ಅವಳಿಗೆ ಏನೂ ಅನ್ನಿಸಲಿಲ್ಲ, ನಾಚಿಕೆಯೂ ಆಗಲಿಲ್ಲ. ಗಾಡಿಗಳು ಆ ತುದಿಯ ತಿರುವಿಗೆ ಹೋಗುವವರೆಗೂ ಕಾದಳು.

"ಬಾವ, ನಂಗೂ ಒಂದ್ಸಲ ಕೊಡಿ. ಓಡಿಸ್ತೀನಿ."